ಮಂಚದಿಂದ ಬಚ್ಚಲಿಗೆ

"ಬಚ್ಚಲಲ್ಲಿ ಜಾರಿ ಬಿದ್ದರಂತೆ." ವಯಸ್ಸಾದವರು ಬಿದ್ದ ಸುದ್ದಿ ನಮ್ಮಲ್ಲಿ ಹೆಚ್ಚೂಕಡಿಮೆ ಈ ಒಂದೇ ವಾಕ್ಯದಲ್ಲಿ ನೆಂಟರಿಷ್ಟರನ್ನೆಲ್ಲ ಮುಟ್ಟುತ್ತದೆ. ಬಿದ್ದದ್ದನ್ನು ಕಣ್ಣಾರೆ ಕಂಡವರು ಇರುವುದೇ ಅಪರೂಪ. ಧಡ್ ಎಂದದ್ದು ಕೇಳಿ ಓಡಿಬಂದವರಿಗೆ ಕಾಣುವುದು ಒದ್ದೆ ನೆಲ, ಉರುಳಿದ ಚೊಂಬು, ಒಂದೇ ಕಾಲಲ್ಲಿ ಉಳಿದ ಚಪ್ಪಲಿ. ಬಿದ್ದವರನ್ನು ಕೇಳಿದರೆ "ಅದೇನಾಯ್ತೋ, ಗೊತ್ತಾಗೋದ್ರೊಳಗೆ ಬಿದ್ದಿದ್ದೆ" ಎನ್ನುತ್ತಾರೆ. ನೀರಿತ್ತು, ಬಿದ್ದರು, ಅಂದಮೇಲೆ ಜಾರಿರಲೇಬೇಕು. ಆಸ್ಪತ್ರೆಯ ಚೀಟಿಯಲ್ಲೂ ಅದೇ ದಾಖಲಾಗುತ್ತದೆ.

ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸ್ಟೀಫನ್ ರಾಬಿನೊವಿಚ್ ಮತ್ತು ಸಂಗಡಿಗರು ಇಂಥ ಊಹೆಗಳನ್ನು ಬದಿಗಿಟ್ಟು ಕ್ಯಾಮೆರಾಗಳನ್ನು ನಂಬಿದರು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ವೃದ್ಧರನ್ನು ನೋಡಿಕೊಳ್ಳುವ ಎರಡು ಕೇಂದ್ರಗಳ ಊಟದ ಕೋಣೆ, ಹಜಾರ, ಓಡಾಡುವ ಪಡಸಾಲೆಗಳಲ್ಲಿ 2007ರಿಂದ 2010ರವರೆಗೆ ಚಿತ್ರೀಕರಣ ನಡೆಯಿತು. 130 ಮಂದಿ 227 ಸಲ ಬಿದ್ದದ್ದು ಸೆರೆಯಾಯಿತು. 2013ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶ ನೋಡಿ: ಜಾರಿ ಬಿದ್ದದ್ದು ಶೇಕಡ 3 ಮಾತ್ರ, ಅಂದರೆ ಆರೇ ಆರು ಸಲ. ಎಡವಿ ಬಿದ್ದದ್ದು ಶೇಕಡ 21. ಎಲ್ಲಕ್ಕಿಂತ ದೊಡ್ಡ ಪಾಲು, ಶೇಕಡ 41, ಮೈಭಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಲೆಕ್ಕ ತಪ್ಪಿದ್ದು. ಕುರ್ಚಿಯಿಂದ ಏಳುವಾಗ, ಕೂರಲು ಹಿಂದೆ ಸರಿಯುವಾಗ, ಯಾರೋ ಕರೆದರೆಂದು ತಟ್ಟನೆ ತಿರುಗುವಾಗ ಹೀಗಾಗುತ್ತದೆ. ನೆಲದಲ್ಲಿ ಏನೂ ಇರಲಿಲ್ಲ.

ಈ ಅಧ್ಯಯನವನ್ನು ಉಲ್ಲೇಖಿಸುವವರು ಒಂದು ವಿಷಯವನ್ನು ಹಲವು ಸಲ ಮರೆಯುತ್ತಾರೆ. ಸ್ನಾನದ ಕೋಣೆಯಲ್ಲಿ ಕ್ಯಾಮೆರಾ ಇರಲಿಲ್ಲ, ಇರುವ ಹಾಗೂ ಇಲ್ಲ. ಒಣ ನೆಲದ ಮೇಲೆ ಬೂಟು ಹಾಕಿಕೊಂಡು ಓಡಾಡುವವರ ಅಂಕಿಅಂಶ ಹಿಡಿದುಕೊಂಡು, ಬಕೆಟ್ಟಿನಿಂದ ಮೊಗೆದು ಸುರಿದುಕೊಳ್ಳುವ ನಮ್ಮ ಬಚ್ಚಲಿಗೆ ನಿರಪರಾಧಿ ಎಂದು ತೀರ್ಪು ಕೊಡಲಾಗದು. ಆದರೆ ಆ ಶೇಕಡ 41 ಬಚ್ಚಲೊಳಗೂ ನಡೆಯುತ್ತದೆ ಎಂಬುದನ್ನು ಒಪ್ಪಲೇಬೇಕು. ಅಲ್ಲಿ ಮಣೆಯಿಂದ ಏಳಬೇಕು, ಬಗ್ಗಿ ಸೋಪು ಎತ್ತಬೇಕು, ಒಂದು ಕಾಲೆತ್ತಿ ಪಾದ ಉಜ್ಜಬೇಕು.

ನಿಂತಿರುವುದನ್ನು ನಾವು ವಿಶ್ರಾಂತಿ ಎಂದುಕೊಂಡಿದ್ದೇವೆ. ದೇಹದ ಮಟ್ಟಿಗೆ ಅದು ಬಿಡುವಿಲ್ಲದ ದುಡಿಮೆ. ಮೈಭಾರದ ಕೇಂದ್ರಬಿಂದು ಇರುವುದು ಹೊಕ್ಕುಳಿಗಿಂತ ತುಸು ಕೆಳಗೆ. ಅದಕ್ಕೆ ಆಧಾರ ಎರಡು ಪಾದಗಳು ಆವರಿಸುವಷ್ಟು ನೆಲ. ನಡೆಯುವಾಗಲಂತೂ ಐದರಲ್ಲಿ ನಾಲ್ಕು ಪಾಲು ಹೊತ್ತು ಒಂಟಿ ಕಾಲಿನ ಮೇಲೆ ಇರುತ್ತೇವೆ. ಭಾರ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ವರದಿ ಕಳಿಸುವುದು ಕಣ್ಣು, ಒಳಗಿವಿ, ಮತ್ತು ಅಂಗಾಲು-ಕೀಲುಗಳ ನರಗಳು. ಮೂರರಲ್ಲಿ ಒಂದು ಸೊರಗಿದರೆ ಉಳಿದೆರಡು ಸಂಭಾಳಿಸುತ್ತವೆ. ಹಾಗಾಗಿಯೇ ಸೊರಗಿದ್ದು ಬಹಳ ಕಾಲ ತಿಳಿಯುವುದೇ ಇಲ್ಲ.

ಸಕ್ಕರೆ ಕಾಯಿಲೆ ಹತ್ತಿಪ್ಪತ್ತು ವರ್ಷ ಜೊತೆಗಿದ್ದವರ ಅಂಗಾಲು ಇದಕ್ಕೆ ತಕ್ಕ ಉದಾಹರಣೆ. ನಡೆಯುತ್ತ ನಡೆಯುತ್ತ ಚಪ್ಪಲಿ ಕಳಚಿಹೋದದ್ದು ಕೆಲವರಿಗೆ ಗೊತ್ತೇ ಆಗುವುದಿಲ್ಲ. ಹಿಂದಿನಿಂದ ಬಂದವರು ಹೇಳಬೇಕು. ಆದರೂ ಹಗಲಲ್ಲಿ ಸಲೀಸಾಗಿ ಓಡಾಡಿಕೊಂಡಿರುತ್ತಾರೆ. ಕಾಲು ಹೇಳಬೇಕಾದ್ದನ್ನು ಕಣ್ಣು ಹೇಳುತ್ತಿರುತ್ತದೆ. ಇವರು ಬಚ್ಚಲಲ್ಲಿ ನಿಂತು ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ? ಆ ಒಂದು ವರದಿಯೂ ನಿಂತುಹೋಗಿ ಮೈ ವಾಲುತ್ತದೆ. ನರರೋಗದ ವೈದ್ಯರು ರೋಗಿಯನ್ನು ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿ ಪರೀಕ್ಷಿಸುವುದು ಇದನ್ನೇ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ಮೊರಿಟ್ಸ್ ರೋಂಬರ್ಗ್ ಹೆಸರಿನಲ್ಲಿ ಅದು ಇಂದಿಗೂ ನಡೆಯುತ್ತಿದೆ. ಮುಖ ತೊಳೆಯುವಾಗ ವಾಲುವುದು ಆ ಪರೀಕ್ಷೆ ಮನೆಯಲ್ಲೇ ತಂತಾನೆ ನಡೆದ ಹಾಗೆ. ನೆಲ ಒದ್ದೆಯಿದ್ದದ್ದು ನಿಜ. ಬೀಳಿಸಿದ್ದು ಮುಚ್ಚಿದ ಕಣ್ಣು. ಕೂತು ಸ್ನಾನ ಮಾಡಿದರೆ ಈ ತೊಂದರೆ ಬಹುಪಾಲು ಮುಗಿಯಿತು. ಆದರೆ ಅಂಗೈ ಎತ್ತರದ ಮಣೆ ಸಾಲದು, ಮೊಣಕಾಲೆತ್ತರದ ಗಟ್ಟಿ ಸ್ಟೂಲು ಬೇಕು.

ವಾಲಿದ ಮೇಲೆ ಸಾವರಿಸಿಕೊಳ್ಳುವುದು ಬೇರೆಯದೇ ಕೆಲಸ. ನಿಂತ ಮನುಷ್ಯ ಬಿದ್ದು ಸೊಂಟ ನೆಲ ಮುಟ್ಟಲು ಸುಮಾರು 0.7 ಸೆಕೆಂಡು ಸಾಕು. ಅಷ್ಟರೊಳಗೆ ಒಂದು ಹೆಜ್ಜೆ ಮುಂದಿಡಬೇಕು ಅಥವಾ ಕೈ ಚಾಚಬೇಕು. ಈ ಮಿಂಚಿನ ಕೆಲಸಕ್ಕೆಂದೇ ಇರುವ ವೇಗದ ಸ್ನಾಯುತಂತುಗಳು ವಯಸ್ಸಾದಂತೆ ಮೊದಲು ಕರಗುತ್ತವೆ. ನಿಧಾನದ ತಂತುಗಳು ಉಳಿಯುವುದರಿಂದ ಎರಡು ಮೈಲಿ ನಡೆಯಬಲ್ಲ ಅಜ್ಜ ಒಂದು ಮುಗ್ಗರಿಕೆಯಿಂದ ಚೇತರಿಸಿಕೊಳ್ಳಲಾರ. ಮೂಳೆ ಮುರಿತದ ಪಟ್ಟಿಯಲ್ಲೂ ಇದು ಕಾಣುತ್ತದೆ. ಐವತ್ತು-ಅರವತ್ತರ ಆಸುಪಾಸಿನವರು ಮುಂದಕ್ಕೆ ಬಿದ್ದು ಕೈಯೂರಿ ಮಣಿಕಟ್ಟು ಮುರಿದುಕೊಳ್ಳುತ್ತಾರೆ; ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ 1814ರಲ್ಲೇ ವಿವರಿಸಿದ ಮುರಿತ ಅದು. ಎಪ್ಪತ್ತೈದು ದಾಟಿದವರಿಗೆ ಕೈ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ; ಪಕ್ಕಕ್ಕೆ ಕುಸಿದು ತೊಡೆಮೂಳೆಯ ಕುತ್ತಿಗೆ ಮುರಿಯುತ್ತದೆ. ಅದನ್ನೇ ನಾವು ಸೊಂಟ ಮುರಿಯಿತು ಎನ್ನುವುದು. "ಮೊದಲು ಮೂಳೆ ಮುರೀತು, ಆಮೇಲೆ ಬಿದ್ರು" ಎಂದು ನಂಬುವವರು ಎಲ್ಲ ಊರಲ್ಲೂ ಇದ್ದಾರೆ. ಹಾಗಾಗುವುದು ಬಹಳ ಕಡಿಮೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸೊಂಟದ ಮುರಿತಗಳಿಗೆ ಬೀಳುವುದೇ ಕಾರಣ.

ಸ್ವೀಡನ್ನಿನ ಉಮಿಯೊದಲ್ಲಿ ಲಿಲ್ಲೆಮೋರ್ ಲುಂಡಿನ್-ಓಲ್ಸನ್ ಎಂಬ ಸಂಶೋಧಕಿ ಒಂದು ಚಿಕ್ಕ ಸಂಗತಿಯನ್ನು ಗಮನಿಸಿದರು. ಜೊತೆಯಲ್ಲಿ ನಡೆಯುತ್ತ ಮಾತಿಗೆಳೆದರೆ ಕೆಲವು ಹಿರಿಯರು ಉತ್ತರ ಹೇಳಲು ನಿಂತುಬಿಡುತ್ತಾರೆ. 58 ಮಂದಿಯಲ್ಲಿ ಹೀಗೆ ನಿಂತವರು 12. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದರು. 1997ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಯಾವ ಯಂತ್ರವೂ ಬೇಕಾಗಿರಲಿಲ್ಲ. ಎಳೆಯ ವಯಸ್ಸಿನಲ್ಲಿ ನಡಿಗೆ ಗಮನವನ್ನೇ ಕೇಳುವುದಿಲ್ಲ. ಆಮೇಲಾಮೇಲೆ ಪ್ರತಿ ಹೆಜ್ಜೆಗೂ ಮಿದುಳಿನ ಗಮನ ಖರ್ಚಾಗುತ್ತದೆ, ಮಾತಿಗೆ ಉಳಿಯುವುದಿಲ್ಲ. ನಿಂತು ಉತ್ತರಿಸುವ ಅಜ್ಜಿ ಜಾಣೆ. ಗೇಟಿನ ಬೆಲ್ಲು, ಒಲೆ ಮೇಲಿನ ಹಾಲು, ಚಾರ್ಜಿಗಿಟ್ಟ ಮೊಬೈಲಿನ ರಿಂಗು ಮೂರೂ ಒಟ್ಟಿಗೆ ಕರೆದಾಗ ನಿಲ್ಲದೆ ಹೊರಡುವವರ ಬಗ್ಗೆ ನನಗೆ ಹೆಚ್ಚು ಭಯ.

ಈಗ ರಾತ್ರಿ ಎರಡೂವರೆ ಗಂಟೆ ಎಂದುಕೊಳ್ಳಿ. ಎಪ್ಪತ್ತೈದು ದಾಟಿದ ಅಜ್ಜಿಗೆ ಎಚ್ಚರವಾಗಿದೆ. ಬಿ.ಪಿ.ಗೆಂದು ಸಂಜೆ ನುಂಗಿದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿದೆ, ಹಾಗಾಗಿ ಅವಸರ. ನಿದ್ದೆ ಬರಲೆಂದು ತೆಗೆದುಕೊಂಡ ಅರ್ಧ ಮಾತ್ರೆಯ ಮಂಪರು ಇನ್ನೂ ಇಳಿದಿಲ್ಲ. ಸರಕ್ಕನೆ ಎದ್ದು ನಿಲ್ಲುತ್ತಾರೆ. ನಿಂತ ಕೂಡಲೇ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿರುವ ಒತ್ತಡದ ಗ್ರಾಹಕಗಳು ಅದನ್ನು ಗುರುತಿಸಿ, ಹೃದಯವನ್ನು ಚುರುಕಾಗಿಸಿ, ನಾಳಗಳನ್ನು ಬಿಗಿ ಮಾಡಬೇಕು. ಈ ವಯಸ್ಸಿನಲ್ಲಿ ಅವು ನಿಧಾನ. ಎದ್ದ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಅದನ್ನು ವೈದ್ಯರು ಒಂದು ದೋಷವೆಂದೇ ಗುರುತಿಸುತ್ತಾರೆ. ಕೂರಿಸಿ ಮಾತ್ರ ಬಿ.ಪಿ. ನೋಡಿ ಕಳಿಸಿದರೆ ಇದು ಸಿಕ್ಕುವುದಿಲ್ಲ. ನಿಲ್ಲಿಸಿಯೂ ನೋಡಿ ಎಂದು ಕೇಳಬೇಕು.

ಸೊಳ್ಳೆಪರದೆಯ ಅಂಚು ಹಿಮ್ಮಡಿಗೆ ಸುತ್ತಿಕೊಂಡಿದೆ. ಸ್ವಿಚ್ಚು ಇರುವುದು ಬಾಗಿಲ ಪಕ್ಕ, ಮಂಚ ಇರುವುದು ಎದುರು ಗೋಡೆಗೆ. ಬೆಳಕು ಬೇಕಿದ್ದರೆ ಕತ್ತಲನ್ನೇ ದಾಟಿ ಹೋಗಬೇಕು. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವುದು ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಮೂರನೇ ಒಂದು ಪಾಲು ಮಾತ್ರ. ಪಾಪೆ ಕಿರಿದಾಗಿ ಮಸೂರ ಹಳದಿಗಟ್ಟಿರುತ್ತದೆ. ಮಗನಿಗೆ ಧಾರಾಳವಾದ ಝೀರೋ ಬಲ್ಬು ತಾಯಿಗೆ ಸಾಲದು. ಬಚ್ಚಲ ಬಾಗಿಲಲ್ಲಿ ಕಾಲೊರಸು, ಒಂದು ಮೂಲೆ ಮಡಚಿಕೊಂಡಿದೆ. ಕಾಲು ಮುಂದಕ್ಕೆ ಬೀಸುವಾಗ ಹೆಬ್ಬೆರಳು ನೆಲದಿಂದ ಎಷ್ಟು ಮೇಲಿರುತ್ತದೆ ಎಂದು ಕೆನಡಾದ ಡೇವಿಡ್ ವಿಂಟರ್ ಅಳೆದಿದ್ದಾರೆ: ಅತಿ ಕಡಿಮೆಯಿದ್ದಾಗ ಸರಾಸರಿ 1.29 ಸೆಂಟಿಮೀಟರ್. ಇದು ಗಟ್ಟಿಮುಟ್ಟಾದವರ ಲೆಕ್ಕ. ವಯಸ್ಸಾದವರಲ್ಲಿ ಒಂದೊಂದು ಹೆಜ್ಜೆಗೂ ಇದು ಹೆಚ್ಚುಕಡಿಮೆಯಾಗುತ್ತದೆ. ಮಡಚಿದ ಮೂಲೆಯ ಎತ್ತರವೂ ಅಷ್ಟೇ ಇರುತ್ತದೆ.

ಕಾಲೊರಸು ದಾಟಿದರೆ ಬಚ್ಚಲಿಗಿಳಿಯುವ ತಗ್ಗು. ಹಳೆಯ ತೊಟ್ಟಿಮನೆಗಳ ಗೇಣೆತ್ತರದ ಹೊಸ್ತಿಲಿಗಿಂತ ಅಪಾರ್ಟ್‌ಮೆಂಟಿನ ಈ ಒಂದಿಂಚಿನ ಏರುತಗ್ಗು ನನಗೆ ಹೆಚ್ಚು ಅಪಾಯದ್ದಾಗಿ ಕಾಣುತ್ತದೆ. ಎತ್ತರದ್ದು ಕಣ್ಣಿಗೆ ಬೀಳುತ್ತದೆ, ಕಾಲು ಏಳುತ್ತದೆ. ಕಪ್ಪು ಗ್ರಾನೈಟ್ ಪಟ್ಟಿಯ ಅಂಚು ಕತ್ತಲಲ್ಲಿ ಯಾರಿಗೆ ಕಾಣಬೇಕು? ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 36ನೇ ಬೀದಿಯ ಸುರಂಗ ರೈಲುನಿಲ್ದಾಣದ ಮೆಟ್ಟಿಲುಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಕೂದಲೆಳೆಯಷ್ಟು ಎತ್ತರವಿತ್ತು. ಒಬ್ಬರು 2012ರಲ್ಲಿ ಅದನ್ನು ಚಿತ್ರೀಕರಿಸಿ ಹಂಚಿದರು. ತರುಣರು, ಮಗುವನ್ನು ಎತ್ತಿಕೊಂಡವರು, ಒಬ್ಬರ ಹಿಂದೆ ಒಬ್ಬರು ಅದೇ ಮೆಟ್ಟಿಲಲ್ಲಿ ಮುಗ್ಗರಿಸುತ್ತಾರೆ. ಕಾಲು ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ನೋಡುವುದನ್ನು ಬಿಟ್ಟು ಬಾಯಿಪಾಠ ಒಪ್ಪಿಸತೊಡಗುತ್ತದೆ. ನಲವತ್ತು ವರ್ಷ ಬದುಕಿದ ಮನೆಯ ಪಾಠವಂತೂ ಇನ್ನೂ ಗಟ್ಟಿ. "ಕಣ್ಣು ಕಟ್ಟಿ ಬಿಟ್ರೂ ಓಡಾಡ್ತೀನಿ" ಎನ್ನುವವರ ಮಾತು ಸುಳ್ಳಲ್ಲ. ಆ ಪಾಠವನ್ನು ಕಲಿತದ್ದು ನಲವತ್ತರ ಮೈ, ಒಪ್ಪಿಸುತ್ತಿರುವುದು ಎಂಬತ್ತರ ಮೈ. ಮನೆ ಮಾತ್ರ ಹಾಗೇ ಇದೆ.

ಮಂಪರು, ಬಿ.ಪಿ. ಇಳಿತ, ಕತ್ತಲು, ಕಾಲೊರಸು, ಒಂದೊಂದಾಗಿ ಬಂದಿದ್ದರೆ ಅಜ್ಜಿ ದಾಟಿಬಿಡುತ್ತಿದ್ದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮೇರಿ ಟಿನೆಟಿ 1988ರಲ್ಲಿ ತೋರಿಸಿದ್ದು ಇದನ್ನು. 75 ದಾಟಿದ 336 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿದಾಗ ಶೇಕಡ 32ರಷ್ಟು ಮಂದಿ ಒಮ್ಮೆಯಾದರೂ ಬಿದ್ದರು. ನಿದ್ದೆ-ಮಂಪರಿನ ಔಷಧ, ಮರೆವು, ಕಾಲಿನ ದುರ್ಬಲತೆ, ಪಾದದ ತೊಂದರೆ, ನಡಿಗೆಯ ದೋಷ ಮುಂತಾದವುಗಳಲ್ಲಿ ಯಾವುದೂ ಇಲ್ಲದವರು ಬೀಳುವ ಸಂಭವ ಶೇಕಡ 8. ನಾಲ್ಕೋ ಹೆಚ್ಚೋ ಇದ್ದವರಿಗೆ ಶೇಕಡ 78. "ಹಣೇಲಿ ಬರೆದಿತ್ತು" ಎನ್ನುವ ಜಾಗದಲ್ಲಿ ಅವರು ಕೂಡುವ ಲೆಕ್ಕವನ್ನು ತಂದಿಟ್ಟರು. ಕೂಡುವ ಲೆಕ್ಕವಾದರೆ ಕಳೆಯಲೂ ಬರುತ್ತದೆ, ಎಲ್ಲವನ್ನೂ ಕಳೆಯಬೇಕೆಂದಿಲ್ಲ.

ಬಚ್ಚಲ ಒಳಗಿನದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಟೈಲ್ಸ್ ಅಂಗಡಿಯಲ್ಲಿ "ಆಂಟಿ ಸ್ಕಿಡ್ ಕೊಡಿ" ಎಂದರೆ ಕೈಗೆ ಒರಟಾದದ್ದನ್ನು ತೋರಿಸುತ್ತಾರೆ. ಪೆಟ್ಟಿಗೆಯ ಮೇಲೆ 'ಆರ್9' ಎಂದೋ 'ಆರ್11' ಎಂದೋ ಇದ್ದರೆ ಅದನ್ನು ನೋಡಿ. ಜರ್ಮನಿಯ ಮಾನದಂಡವದು. ಟೈಲ್ಸ್ ಹಾಸಿದ ಹಲಗೆಗೆ ಎಂಜಿನ್ ಆಯಿಲ್ ಸುರಿದು, ಅದರ ಮೇಲೆ ಮನುಷ್ಯನನ್ನು ನಡೆಸುತ್ತ, ಹಲಗೆಯನ್ನು ನಿಧಾನವಾಗಿ ಓರೆ ಮಾಡುತ್ತಾರೆ; ಎಷ್ಟು ಡಿಗ್ರಿಗೆ ಕಾಲು ಜಾರಿತು ಎಂಬುದೇ ಅಂಕ. ಆರ್9 ಎಂದರೆ 6ರಿಂದ 10 ಡಿಗ್ರಿ, ಆರ್10 ಎಂದರೆ 19ರವರೆಗೆ, ಆರ್11 ಎಂದರೆ 27ರವರೆಗೆ. ಒಂಬತ್ತು ಎಂಬ ಅಂಕ ಕಂಡು ಹತ್ತಕ್ಕೆ ಒಂಬತ್ತು ಬಂತೆಂದು ಖುಷಿಪಡಬೇಡಿ, ಪಟ್ಟಿ ಶುರುವಾಗುವುದೇ ಅಲ್ಲಿಂದ. ಇನ್ನು, ಗಾರೆಯವರು ವಾಟ ಸರಿಯಾಗಿ ಕೊಡದಿದ್ದರೆ ಎಂಥ ಟೈಲ್ಸ್ ಮೇಲೂ ಸೋಪಿನ ನೀರು ನಿಂತು ಲೋಳೆ ಕಟ್ಟುತ್ತದೆ. ನೀರು ತುಂಬುವ ಹಬ್ಬದ ಮರುದಿನದ ಎಣ್ಣೆಸ್ನಾನಕ್ಕೆ ಮಾತ್ರ ಯಾವ ಅಂಕವೂ ಸಾಲದು. ಅಂಗಾಲಿಗೆ ಎಣ್ಣೆಯನ್ನು ಕೂತಲ್ಲೇ, ಕೊನೆಗೆ, ಅಲ್ಲೇ ತೊಳೆಯುವಂತಿದ್ದರೆ ಹಚ್ಚಬಹುದು. ಎಣ್ಣೆಗಾಲಲ್ಲಿ ನಡುಮನೆಯಿಂದ ಬಚ್ಚಲಿಗೆ ನಡೆಯಬಾರದು.

ಏಳುವಾಗ ನಮ್ಮವರು ಹಿಡಿಯುವುದು ನಲ್ಲಿಯನ್ನು, ಇಲ್ಲವೇ ಟವೆಲ್ ರಾಡನ್ನು. ರಾಡು ನಿಂತಿರುವುದು ಪ್ಲಾಸ್ಟರಿಗೆ ಕೊರೆದ ಒಂದಂಗುಲದ ಪ್ಲಾಸ್ಟಿಕ್ ಬಿರಡೆಯಲ್ಲಿ, ಒದ್ದೆ ಟವೆಲ್ಲಿನ ಭಾರಕ್ಕೆ. ಅರವತ್ತು ಕಿಲೋ ಜೋತುಬಿದ್ದರೆ ಕಿತ್ತು ಬರುತ್ತದೆ, ಅದೂ ಭಾರವನ್ನೆಲ್ಲ ಅದರ ಮೇಲೆ ಹಾಕಿದ ಮೇಲೆ. ಹಿಡಿಕೆ ಸರಳನ್ನು ಇಟ್ಟಿಗೆಯೊಳಕ್ಕೆ ಹೋಗುವ ಬೋಲ್ಟ್ ಹಾಕಿ ಕೂರಿಸಬೇಕು. ಕೂರಿಸಿದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ದಪ್ಪಗಿರುವವರು ಜೋತಾಡಿ ಪರೀಕ್ಷಿಸುವುದು ಒಳ್ಳೆಯದು. ಬಾಗಿಲದ್ದು ಇನ್ನೊಂದು ಕತೆ. ಬಚ್ಚಲ ಬಾಗಿಲು ಒಳಕ್ಕೆ ತೆರೆಯುತ್ತದೆ, ಜಾಗ ಚಿಕ್ಕದು, ಬಿದ್ದವರ ಮೈಯೇ ಅಡ್ಡವಾಗಿ ಹೊರಗಿನವರು ತಳ್ಳಿದಷ್ಟೂ ಅವರಿಗೇ ಒತ್ತುತ್ತದೆ. ಹೊರಕ್ಕೆ ತೆರೆಯುವಂತೆ ತಿರುಗಿಸಲು ಬಡಗಿಗೆ ಅರ್ಧ ದಿನದ ಕೆಲಸ. ಚಿಲಕ ಹಾಕದೆ ಹೋಗಲು ಮರ್ಯಾದೆ ಬಿಡುವುದಿಲ್ಲ. ಹೊರಗಿನಿಂದಲೂ ತಿರುಗಿಸಿ ತೆಗೆಯಬಹುದಾದ ಚಿಲಕಗಳು ಸಿಗುತ್ತವೆ.

"ಅಮ್ಮ, ಗೋಡೆಗೊಂದು ಹಿಡಿಕೆ ಹಾಕಿಸ್ಲಾ?"

"ಬೇಡಪ್ಪ, ಆಸ್ಪತ್ರೆ ಥರ ಕಾಣುತ್ತೆ. ನಾನಿನ್ನೂ ಗಟ್ಟಿಯಾಗೇ ಇದ್ದೀನಿ."

ಹೆಚ್ಚಿನ ಮನೆಗಳಲ್ಲಿ ವಿಷಯ ಇಲ್ಲಿಗೇ ನಿಲ್ಲುತ್ತದೆ. ಇದಕ್ಕೊಂದು ದಾರಿ ನ್ಯೂಜಿಲೆಂಡಿನ ತಾರಾನಾಕಿ ಪ್ರದೇಶದ ಪ್ರಯೋಗದಲ್ಲಿದೆ. ಮೈಕೆಲ್ ಕೀಲ್ ಮತ್ತು ಸಂಗಡಿಗರು 842 ಮನೆಗಳನ್ನು ಆಯ್ದು, ಕೆಲವಕ್ಕೆ ಮೆಟ್ಟಿಲಿಗೆ ಕೈಪಿಡಿ, ಬಚ್ಚಲಿಗೆ ಸರಳು, ಹೊರಗೆ ದೀಪ, ಮೆಟ್ಟಿಲಂಚಿಗೆ ಎದ್ದು ಕಾಣುವ ಪಟ್ಟಿ, ಜಾರದ ಲೇಪ ಇಂಥ ಸಣ್ಣಪುಟ್ಟ ಕೆಲಸ ಮಾಡಿಸಿಕೊಟ್ಟರು. ಉಳಿದವರು ಕಾದರು. ಕೆಲಸವಾದ ಮನೆಗಳಲ್ಲಿ ಬಿದ್ದು ಪೆಟ್ಟಾಗುವುದು ಶೇಕಡ 26ರಷ್ಟು ಇಳಿಯಿತು. ಅವರು ಲೆಕ್ಕ ಹಿಡಿದದ್ದು ಮುದುಕರನ್ನು ಮಾತ್ರವಲ್ಲ, ಮನೆಮಂದಿಯನ್ನೆಲ್ಲ. ಅಮ್ಮನ ಹೆಸರಲ್ಲಿ ಬೇಡವಾದ ಸರಳು ಮನೆಯ ಹೆಸರಲ್ಲಿ ಬರಬಹುದು. ಆದರೂ ಖರ್ಚಿಗೊಂದು ಮಿತಿಯಿದ್ದರೆ ಯಾರ ಮನೆಗೆ ಮೊದಲು ಎಂದು ಕೇಳಬೇಕಾಗುತ್ತದೆ. ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ 2023ರಲ್ಲಿ ಹೊರಬಂದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಈಗಾಗಲೇ ಬಿದ್ದವರು ಅಥವಾ ದಿನದ ಕೆಲಸಕ್ಕೆ ಆಸರೆ ಬೇಕಾದವರ ಮನೆ ಸರಿಪಡಿಸಿದರೆ ಬೀಳುವುದು ಶೇಕಡ 38 ಕಡಿಮೆಯಾಗುತ್ತದೆ. ಅಂಥ ಅಪಾಯವಿಲ್ಲದವರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಮನೆಗಿಂತ ಮೈಯನ್ನು ಸರಿಪಡಿಸುವ ವಿಷಯದಲ್ಲಿ ಅಚ್ಚರಿಗಳು ಜಾಸ್ತಿ. ನಾಟಿಂಗ್‌ಹ್ಯಾಮಿನಲ್ಲಿ ಕಣ್ಣಿನ ಪೊರೆಯ ಮೊದಲ ಶಸ್ತ್ರಚಿಕಿತ್ಸೆಯನ್ನು ವರ್ಷ ಕಾಯಿಸದೆ ತಿಂಗಳೊಳಗೆ ಮಾಡಿದಾಗ ಬೀಳುವುದು ಶೇಕಡ 34 ಇಳಿಯಿತು. ಆದರೆ ಸಿಡ್ನಿಯಲ್ಲಿ ಕಣ್ಣು ತಪಾಸಣೆ ಮಾಡಿ ಹೊಸ ಕನ್ನಡಕ ಕೊಡಿಸಿದವರು ಹೆಚ್ಚು ಬಿದ್ದರು! ನಂಬರು ಒಮ್ಮೆಲೇ ಬದಲಾದರೆ ನೆಲ ಬೇರೆ ಎತ್ತರದಲ್ಲಿ ಕಾಣುತ್ತದೆ. ಕಣ್ಣು ಒಗ್ಗುವವರೆಗೆ ಮೆಟ್ಟಿಲಲ್ಲಿ ಜೋಪಾನ. ಓದಲು ಕೆಳಭಾಗವಿರುವ ಕನ್ನಡಕವಂತೂ ಮೆಟ್ಟಿಲಿಳಿಯುವಾಗ ಕಾಲ ಬುಡವನ್ನೇ ಮಸುಕು ಮಾಡುತ್ತದೆ. ಆಸ್ಟ್ರೇಲಿಯದಲ್ಲೇ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ವಿಟಮಿನ್ ಡಿ ನುಂಗಿಸಿದ ಎಪ್ಪತ್ತು ದಾಟಿದ ಹೆಂಗಸರಲ್ಲಿ ಬೀಳುವುದೂ ಮುರಿತವೂ ಹೆಚ್ಚಿದ್ದು 2010ರಲ್ಲಿ ವರದಿಯಾಯಿತು. ಒಳ್ಳೆಯದೆಂದು ಒಟ್ಟಿಗೆ ಸುರಿಯುವುದು ಒಳ್ಳೆಯದಲ್ಲ. ನ್ಯೂಜಿಲೆಂಡಿನ ಜಾನ್ ಕ್ಯಾಂಪ್‌ಬೆಲ್ 1999ರಲ್ಲಿ ನಿದ್ದೆ ಮಾತ್ರೆ ಮತ್ತು ಅಂಥ ಔಷಧಗಳನ್ನು ಮೆಲ್ಲಮೆಲ್ಲನೆ ಬಿಡಿಸಿ ಬೀಳುವುದನ್ನು ಶೇಕಡ 66ರಷ್ಟು ತಗ್ಗಿಸಿದರು. ಪ್ರಯೋಗ ಮುಗಿದು ತಿಂಗಳಾಗುವಷ್ಟರಲ್ಲಿ ಬಿಟ್ಟವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಮತ್ತೆ ಶುರುಮಾಡಿದ್ದರು. ನಿದ್ದೆ ಇಲ್ಲದ ರಾತ್ರಿಯನ್ನು ಅಂಕಿಅಂಶ ಸಮಾಧಾನಪಡಿಸುವುದಿಲ್ಲ. ತಾವಾಗಿ ಥಟ್ಟನೆ ಬಿಡುವುದು ಮಾತ್ರ ಅಪಾಯ. ವೈದ್ಯರ ಬಳಿ ಮಾತ್ರೆ ಡಬ್ಬಿಯನ್ನೇ ಒಯ್ದು ಸುರಿದು ತೋರಿಸಿ.

ಇವೆಲ್ಲದರ ನಡುವೆ ಗದ್ದಲವಿಲ್ಲದೆ ಕೆಲಸ ಮಾಡುವುದು ವ್ಯಾಯಾಮ. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಕೂಡಿಸಿದ 2019ರ ವಿಮರ್ಶೆಯಲ್ಲಿ ಬೀಳುವುದು ಶೇಕಡ 23 ಇಳಿದದ್ದು ಕಂಡಿತು. ನಡಿಗೆಯೊಂದೇ ಸಾಲದು. ಸಮತೋಲವನ್ನು ತುಸು ಕೆಣಕುವ ವ್ಯಾಯಾಮ ಬೇಕು: ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಹೆಜ್ಜೆಗೆ ಹೆಜ್ಜೆ ಅಂಟಿಸಿ ನಡೆಯುವುದು, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು. ಬಿದ್ದವರನ್ನು ನಾವು ಪ್ರೀತಿಯಿಂದಲೇ ಕೆಡಿಸುತ್ತೇವೆ. "ನೀವು ಸುಮ್ನೆ ಕೂತ್ಕೊಳ್ಳಿ ಅಜ್ಜಿ, ಎಲ್ಲ ಕೈಗೇ ಕೊಡ್ತೀವಿ." ಆರೋಗ್ಯವಂತ ಹಿರಿಯರನ್ನು ಪ್ರಯೋಗಕ್ಕೆಂದು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದಾಗ ಕಾಲಿನ ಮಾಂಸಖಂಡ ಒಂದು ಕಿಲೋದಷ್ಟು ಕರಗಿತ್ತು.

ಮಲೆನಾಡಿನವರು ಅಂಗಳದ ವಿಷಯದಲ್ಲಿ ಇದನ್ನೆಲ್ಲ ಕೇಳದೆಯೇ ಎಚ್ಚರಿಕೆ ವಹಿಸುತ್ತ ಬಂದವರು. ಮಳೆಗಾಲ ಹಿಡಿಯುವ ಮೊದಲು ಅಡಕೆ ದಬ್ಬೆ ಹಾಸುವುದು, ಸೋಗೆ ಹರವುವುದು, ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕುವುದು ಅಲ್ಲಿ ವರ್ಷಾವಧಿ ಕೆಲಸ. ಅದೇ ಮನೆಯೊಳಗೆ ಗಾಜಿನಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಸಿಕೊಂಡದ್ದೂ ಉಂಟು.

ಎಷ್ಟೇ ಮಾಡಿದರೂ ಕೆಲವರು ಬೀಳುತ್ತಾರೆ. ಆಮೇಲಿನ ಮೊದಲ ಗಂಟೆಯ ಬಗ್ಗೆ ಮನೆಗಳಲ್ಲಿ ಮಾತೇ ಆಗಿರುವುದಿಲ್ಲ. ಕೇಂಬ್ರಿಜ್‌ನಲ್ಲಿ ತೊಂಬತ್ತು ದಾಟಿದವರ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿದ್ದವರಲ್ಲಿ ಹೆಚ್ಚಿನವರಿಗೆ ಒಮ್ಮೆಯಾದರೂ ತಾವಾಗಿ ಏಳಲಾಗಲಿಲ್ಲ. ಸಹಾಯಕ್ಕೆ ಕರೆಯುವ ಅಲಾರಂ ಇದ್ದವರೂ ಬಹುಪಾಲು ಅದನ್ನು ಒತ್ತಲಿಲ್ಲ. ಕೆಲವರಿಗೆ ಎಟುಕಲಿಲ್ಲ, ಕೆಲವರಿಗೆ ಇನ್ನೊಬ್ಬರಿಗೆ ತೊಂದರೆ ಕೊಡಲು ಇಷ್ಟವಿರಲಿಲ್ಲ. ಬಹಳ ಹೊತ್ತು ತಣ್ಣನೆಯ ನೆಲದಲ್ಲಿ ಬಿದ್ದಿದ್ದರೆ ಮುರಿತವಿಲ್ಲದಿದ್ದರೂ ಒತ್ತಿದ ಜಾಗದ ಸ್ನಾಯು ಹಾಳಾಗಿ ಮೂತ್ರಪಿಂಡಕ್ಕೆ ಕುತ್ತು ಬರುತ್ತದೆ.

ಆದ್ದರಿಂದ ಏಳುವುದನ್ನೂ ಅಭ್ಯಾಸ ಮಾಡಿಡಬೇಕು, ಮನೆಯಲ್ಲಿ ಯಾರಾದರೂ ಇರುವ ಹಗಲು ಹೊತ್ತಿನಲ್ಲಿ, ಚಾಪೆಯ ಮೇಲೆ. ಬಿದ್ದ ಕೂಡಲೇ ಎದ್ದೇಳುವ ಅವಸರ ಬೇಡ. ಒಂದು ನಿಮಿಷ ಮಲಗಿ, ಸೊಂಟ, ತೊಡೆ, ಕುತ್ತಿಗೆ ಸರಿಯಿದೆಯೇ ನೋಡಿಕೊಳ್ಳಿ. ಕಾಲು ಗಿಡ್ಡವಾದಂತೆಯೋ ಪಾದ ಹೊರಕ್ಕೆ ತಿರುಗಿದಂತೆಯೋ ಕಂಡರೆ ಏಳಬಾರದು, ಬೇರೆಯವರು ಎತ್ತಲೂಬಾರದು. 108ಕ್ಕೆ ಕರೆ ಮಾಡಬೇಕು. ನೋವಿಲ್ಲದಿದ್ದರೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಮಂಡಿ-ಅಂಗೈ ಮೇಲೆ ಬಂದು, ಹತ್ತಿರದ ಭಾರದ ಕುರ್ಚಿಯವರೆಗೆ ಅಂಬೆಗಾಲಲ್ಲಿ ಹೋಗಿ, ಕುರ್ಚಿಯ ಮೇಲೆ ಎರಡೂ ಕೈಯಿಟ್ಟು, ಬಲವಿರುವ ಕಾಲನ್ನು ಮೊದಲು ಊರಿ ಎದ್ದು, ತಿರುಗಿ ಅದರಲ್ಲೇ ಕೂರಬೇಕು. ಏಳಲಾಗದಿದ್ದರೆ ಕೈಗೆ ಸಿಕ್ಕ ಚೊಂಬನ್ನು ನೆಲಕ್ಕೆ ಬಡಿಯುತ್ತಿದ್ದರೆ ಕೂಗುವುದಕ್ಕಿಂತ ದೂರ ಕೇಳುತ್ತದೆ, ದಣಿವೂ ಕಡಿಮೆ. ಫೋನು ಕೊರಳಲ್ಲಿರಬೇಕು, ಇಲ್ಲವೇ ನೆಲದಿಂದ ಎಟುಕುವಷ್ಟು ಕೆಳಗಿರಬೇಕು, ಫ್ರಿಜ್ಜಿನ ಮೇಲಲ್ಲ. ತಲೆಗೆ ಪೆಟ್ಟಾಗಿದ್ದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ತಲೆಗೆ ಪೆಟ್ಟಾದ ಬೇರೆಯವರನ್ನೂ ಕೆಲವು ವಾರ ಗಮನಿಸುತ್ತಿರಬೇಕು. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಸೇರಿಕೊಂಡರೆ, ಎಲ್ಲರೂ ಬಿದ್ದದ್ದನ್ನು ಮರೆತ ಮೇಲೆ, ಅಜ್ಜ ಮಂಕಾಗುವುದು, ಮಾತು ತಪ್ಪುವುದು, ಒಂದು ಕಾಲು ಎಳೆಯುವುದು ಶುರುವಾಗುತ್ತದೆ. ವೈದ್ಯರು ಕೇಳದಿದ್ದರೂ "ಹೋದ ತಿಂಗಳು ಬಿದ್ದಿದ್ದರು" ಎಂದು ಆಗ ಹೇಳಬೇಕು.